ಭಂಕೂರಿನ ಸ್ಪೋರ್ಟ್ಸ್ ಕಾರು

ಕಳೆದ ಭಾನುವಾರ ನಾನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಕೂತು ಚಿತ್ತಾಪುರಕ್ಕೆ ಹೋಗಿ ಬಂದೆ.

ಚಾಪೆಯ ಮೇಲಲ್ಲ. ಕಾರಿನಲ್ಲಿ.

ಅಷ್ಟು ಕೆಳಗಿನಿಂದ ನೀವು ಎಂದಾದರೂ ನಮ್ಮ ಸೀಮೆಯನ್ನು ನೋಡಿದ್ದೀರಾ? ಎಮ್ಮೆಯ ಹೊಟ್ಟೆ ನಿಮ್ಮ ತಲೆಯ ಮಟ್ಟಕ್ಕಿರುತ್ತದೆ. ಎತ್ತಿನ ಗಾಡಿಯ ಗಾಲಿ ಊರಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಎದುರಿನಿಂದ ಬರುವ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಲಾರಿಗೆ ಡ್ರೈವರೇ ಇರುವುದಿಲ್ಲ, ಬರೀ ಬಂಪರ್ ಇರುತ್ತದೆ. ಎರಡೂ ಬದಿಯ ತೊಗರಿ ಹೊಲ ಅಂದರೆ ದಟ್ಟ ಕಾಡು.

ಅಂಥ ಕಾರು ವಾಡಿಯಲ್ಲಿ ಯಾರ ಹತ್ತಿರ ಇದೆ ಅಂತೀರಾ? ಯಾರ ಹತ್ತಿರವೂ ಇರಲಿಲ್ಲ. ನಾವೇ ಮಾಡಿದೆವು.

ಈ ಅಂಕಣ ಓದುವವರಿಗೆ ಗೊತ್ತು, ನಾನು ಡ್ರಾಯಿಂಗ್ ಟೀಚರ್. ಹದಿನಾರು ವರ್ಷದಿಂದ ವಾಡಿಯ ಹುಡುಗಿಯರಿಗೆ ಮಾವಿನಹಣ್ಣು, ಮಡಕೆ ಮತ್ತು ಹೂಜಿ ಬರೆಯುವುದನ್ನು ಕಲಿಸುತ್ತಿದ್ದೇನೆ. ನಮ್ಮ ಮನೆಯವರು ರೈಲ್ವೆಯಲ್ಲಿದ್ದಾರೆ. ಅವರ ಹತ್ತಿರ ಒಂದು ಸೈಕಲ್ ಇದೆ. ಅದು ಬಿಟ್ಟರೆ ಇರುವುದು ಜಗತ್ತಿನ ಎಲ್ಲಾ ಕಾರುಗಳ ಬಗ್ಗೆ ಅಭಿಪ್ರಾಯ.

ಈ ಅಭಿಪ್ರಾಯಗಳು ಬರುವುದು ಎಲ್ಲಿಂದ? ನಮ್ಮ ವಾಡಿ ಜಂಕ್ಷನ್ನಿನಿಂದ! ಬೊಂಬಾಯಿ ಕಡೆಯಿಂದ ಮದ್ರಾಸಿಗೆ ಹೋಗುವವರು ಓದಿ ಬಿಟ್ಟುಹೋದ ಇಂಗ್ಲಿಷ್ ಕಾರು ಮ್ಯಾಗಜಿನ್‌ಗಳು ವೇಟಿಂಗ್ ರೂಮಿನ ಬೆಂಚಿನ ಮೇಲೆ ಸಿಗುತ್ತವೆ. ಇವರು ಅವನ್ನು ಮನೆಗೆ ತಂದು, ಚಹಾದ ಕಲೆ ಒರೆಸಿ, ತಾರೀಕಿನ ಪ್ರಕಾರ ಜೋಡಿಸಿ ಇಡುತ್ತಾರೆ. (ನನ್ನ ಸೀರೆಗಳನ್ನು ಯಾರೂ ತಾರೀಕಿನ ಪ್ರಕಾರ ಜೋಡಿಸಿಲ್ಲ.)

ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಸಭೆ. ಸದಸ್ಯರು ಮೂವರು. ಒಬ್ಬರು ನಮ್ಮವರು. ಇನ್ನೊಬ್ಬರು ಬಸಣ್ಣ ಸೌಕಾರ, ಭಂಕೂರಿನಲ್ಲಿ ಫರ್ಸಿಕಲ್ಲಿನ ಗಣಿ ಮತ್ತು ಕಲ್ಲು ಕಡಿದು ಮಾರುವ ಅಡ್ಡೆ ಇಟ್ಟುಕೊಂಡವರು. ಮೂರನೆಯವರು ಮಹಬೂಬ ಮೇಸ್ತ್ರಿ. ಬಸಣ್ಣನ ಅಡ್ಡೆಯ ಪಕ್ಕದಲ್ಲೇ ಅವರ ಶೆಡ್ಡು. ಶಹಾಬಾದ್, ವಾಡಿ, ಸೇಡಂ ಕಡೆ ಓಡಾಡುವ ಲಾರಿಗಳಲ್ಲಿ ಬಹಳಷ್ಟಕ್ಕೆ ಬಾಡಿ ಕಟ್ಟಿದ ಕೈ ಅವರದು.

ನಮ್ಮ ದೇಶದಲ್ಲಿ ಕಾರು ಮಾಡುವ ಕಂಪನಿ ಇರುವುದು ಮೂರೇ ಮೂರು. ಪಡಸಾಲೆಯಲ್ಲಿ ಯಾರೂ ಕಂಪನಿಯ ಹೆಸರು ಹೇಳುವುದಿಲ್ಲ, ಊರಿನ ಹೆಸರು ಹೇಳುತ್ತಾರೆ. ಕಲ್ಕತ್ತಾ, ಬೊಂಬಾಯಿ, ಮದ್ರಾಸ್. (ನಾನೂ ಹಾಗೇ ಬರೆಯುತ್ತೇನೆ. ಇಲ್ಲದಿದ್ದರೆ ಸಂಪಾದಕರು ಜಾಹೀರಾತು ಅಂದುಕೊಳ್ಳುತ್ತಾರೆ.)

ಬಸಣ್ಣನವರ ಹತ್ತಿರ ಕಲ್ಕತ್ತಾ ಕಾರಿದೆ. ಆದ್ದರಿಂದ ಅವರ ಪ್ರಕಾರ ಕಾರು ಅಂದರೆ ಕಲ್ಕತ್ತಾ.

"ಮನಿ ಇದ್ದಂಗ ಅದ ನೋಡ್ರಿ. ಮೊನ್ನಿ ಮಳಖೇಡಕ್ಕ ಹನ್ನೊಂದು ಮಂದಿ ಕುಂತು ಹೋಗೀವಿ. ಮ್ಯಾಲ ಎರಡು ಚೀಲ ಜ್ವಾಳ."

"ಅದಕ್ಕ ಕಾರ್ ಅಂತಾರೇನ್ರಿ ಸೌಕಾರ? ಗೋದಾಮ ಅಂತಾರ," ಎನ್ನುತ್ತಾರೆ ನಮ್ಮವರು. ಇವರದು ಬೊಂಬಾಯಿ ಪಾರ್ಟಿ.

ಈಗಂತೂ ಕೇಳಲೇಬೇಡಿ. ದಿಲ್ಲಿ ಹತ್ತಿರ ಜಪಾನಿನವರ ಜೊತೆ ಸೇರಿ ಹೊಸ ಪುಟ್ಟ ಕಾರು ತೆಗೆಯುತ್ತಾರಂತೆ ಎಂಬ ಸುದ್ದಿ ಬಂದಾಗಿನಿಂದ ಸಭೆ ಮಧ್ಯಾಹ್ನದವರೆಗೂ ಮುಗಿಯುವುದಿಲ್ಲ.

ಆದರೆ ನಾನು ಹೇಳುತ್ತಿರುವುದು ಅದಕ್ಕಿಂತ ಮೊದಲಿನ ಒಂದು ಭಾನುವಾರದ ಮಾತು. ಅವತ್ತು ನಮ್ಮವರು ತಂದ ಮ್ಯಾಗಜಿನ್ನಿನ ನಡುವಿನ ಹಾಳೆ ಬಿಚ್ಚಿದರು. ಇಟಲಿಯ ಹೊಸ ಸ್ಪೋರ್ಟ್ಸ್ ಕಾರು! ಕೆಂಪು. ಚಪ್ಪಟೆ. ಮೂತಿ ಚೂಪು, ಎರಡೇ ಸೀಟು, ಇಂಜಿನ್ ಬೆನ್ನ ಹಿಂದೆ. ಬಾಗಿಲುಗಳು ರೆಕ್ಕೆಯ ಹಾಗೆ ಆಕಾಶಕ್ಕೆ ತೆರೆದುಕೊಂಡಿವೆ.

ಮೂರು ತಲೆಗಳು ಹಾಳೆಯ ಮೇಲೆ ಬಾಗಿದವು. ಆಮೇಲೆ ಎಲ್ಲರೂ ಒಟ್ಟಿಗೆ.

"ಇದಕ್ಕ ಯಾರೋ ಕಾಲಿಟ್ಟು ತುಳದಾರ," ಅಂದರು ಬಸಣ್ಣ.

"ಗಾಳಿ ಸೀಳ್ಕೋತ ಹೋಗ್ತದ್ರಿ ಅದು! ಮೂತಿ ಚೂಪಿದ್ದಷ್ಟು ಸ್ಪೀಡು!" ಅಂದರು ನಮ್ಮವರು.

"ಬಾಗಿಲಾ ಮ್ಯಾಲ ತಗೀತಾವ? ಛಲೋ ಆತು. ಮಳಿ ಬಂದ್ರ ಛತ್ರಿನೂ ಅದೇ," ಅಂದರು ಮೇಸ್ತ್ರಿ.

ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ಆ ಹಾಳೆಯನ್ನು ಕೆಳಗಿಡಲಿಲ್ಲ. ಬೆರಳಿನಿಂದ ಆ ಕಾರಿನ ಬೆನ್ನಿನ ಗೆರೆಯನ್ನು ಮೂತಿಯಿಂದ ಬಾಲದವರೆಗೆ ಸವರುತ್ತಿದ್ದರು. ಮತ್ತೆ ಮೂತಿಯಿಂದ ಬಾಲಕ್ಕೆ. ಆಮೇಲೆ ನನ್ನ ಕಡೆ ತಿರುಗಿದರು.

"ಬಾಯಾರ, ಇದನ್ನ ದೊಡ್ಡದು ಮಾಡಿ ಬರದು ಕೊಡ್ತೀರೇನ್ರಿ?"

ಗೋಡೆಗೆ ಅಂಟಿಸಲು ಕೇಳುತ್ತಿದ್ದಾರೆ ಅಂದುಕೊಂಡೆ. ಬರೆದೆ. ಆದರೆ ನನಗೆ ಆ ಇಟಲಿಯವನ ಗೆರೆ ಪೂರ್ತಿ ಒಪ್ಪಿಗೆಯಾಗಲಿಲ್ಲ. (ಟೀಚರ್ ಬುದ್ಧಿ. ಯಾರ ಚಿತ್ರ ಸಿಕ್ಕರೂ ತಿದ್ದಬೇಕು.) ಅವನು ಎಲ್ಲವನ್ನೂ ಸ್ಕೇಲ್ ಹಿಡಿದು ಎಳೆದಿದ್ದ. ನಾನು ಸೊಂಟದ ಹತ್ತಿರ ಗೆರೆಯನ್ನು ಸ್ವಲ್ಪ ತಗ್ಗಿಸಿ, ಹಿಂದಿನ ಗಾಲಿಯ ಮೇಲೆ ಮೆಲ್ಲಗೆ ಎತ್ತಿ, ಬಾಲದಲ್ಲಿ ಬಿಟ್ಟುಬಿಟ್ಟೆ. ನೀರು ಕುಡಿಯಲು ಬಾಗಿದ ಹೋರಿಯ ಬೆನ್ನಿನ ಹಾಗಾಯಿತು.

ಮುಂದಿನ ಭಾನುವಾರ ಮೇಸ್ತ್ರಿ ಅದನ್ನು ನೋಡಿದರು. ಮತ್ತೆ ಬೆನ್ನಿನ ಗೆರೆಯ ಮೇಲೆ ಬೆರಳು ಆಡಿಸಿದರು.

"ಬಾಯಾರ, ಇದನ್ನ ನಾ ಮಾಡ್ತೀನಿ," ಅಂದರು.

"ಏನ್ ಮಾಡ್ತೀರಿ?"

"ಗಾಡಿ ಮಾಡ್ತೀನ್ರಿ. ಖರೇ ಗಾಡಿ. ಓಡೋದು."

ಬಸಣ್ಣ ಚಹಾ ಉಗುಳಿಕೊಂಡರು.

ಮೇಸ್ತ್ರಿ ತಮ್ಮ ಎಡಗೈಯನ್ನು ನಮ್ಮ ಮುಂದೆ ಚಾಚಿದರು. ತಗಡು ಬಡಿಯುವವರು ಬಲಗೈಯಲ್ಲಿ ಸುತ್ತಿಗೆ ಹಿಡಿದರೆ, ಎಡಗೈಯಲ್ಲಿ ಒಂದು ಕಬ್ಬಿಣದ ಗಟ್ಟಿಯನ್ನು ತಗಡಿನ ಹಿಂದೆ ಒತ್ತಿ ಹಿಡಿಯುತ್ತಾರೆ. ಒಂದೊಂದು ಪೆಟ್ಟೂ ಆ ಕೈಗೆ ಹೋಗುತ್ತದೆ. ಮೂವತ್ತು ವರ್ಷದ ಪೆಟ್ಟು ತಿಂದ ಮಣಿಕಟ್ಟು ಊದಿಕೊಂಡಿತ್ತು.

"ಗುಲಬರ್ಗಾದಾಗ ಡಾಕ್ಟರಗ ತೋರ್ಸೀನಿ. ಇನ್ನ ಒಂದು ಎರಡು ವರ್ಷದಾಗ ಸುತ್ತಿಗಿ ಕೆಳಗ ಇಡು ಅಂದಾರ. ಇಡ್ತೀನಿ. ಆದ್ರ ಬಾಯಾರ, ಮೂವತ್ತು ವರ್ಷ ನಾ ಡಬ್ಬಿ ಬಡ್ದೀನಿ. ಲಾರಿ ಅಂದ್ರೇನು? ಡಬ್ಬಿ. ಟ್ರೇಲರ್ ಅಂದ್ರೇನು? ಉದ್ದನ್ನ ಡಬ್ಬಿ. ಈ ಕೈಲೆ ಒಂದು ಬಳಕು ಬಡೀಲಿಲ್ಲ ನಾ. ಒಂದರ ಬಡದು ಇಡ್ತೀನಿ."

ಅದಕ್ಕೆ ಏನು ಹೇಳುತ್ತೀರಿ? ಬಸಣ್ಣನವರಿಗೆ ಮಾತ್ರ ಹೊಳೆಯಿತು.

"ಮೇಸ್ತ್ರಿ, ನಿನ ಗಾಡಿ ಯಾರೂ ದಬ್ಬದಂಗ ಚಿತ್ತಾಪುರ ಮುಟ್ಟಿತಂದ್ರ, ಒಂದು ವರ್ಷ ನಾ ಕಲ್ಕತ್ತಾ ಹೆಸರು ಎತ್ತಂಗಿಲ್ಲ."

ಇದಕ್ಕಿಂತ ದೊಡ್ಡ ಪಂಥ ನಮ್ಮ ಪಡಸಾಲೆಯಲ್ಲಿ ಯಾರೂ ಕಟ್ಟಿರಲಿಲ್ಲ.

ಅಡಿಪಾಯಕ್ಕೆ ಕಾರು ಬೇಕಲ್ಲ? ಸೇಡಂನಲ್ಲಿ ಒಬ್ಬ ಡಾಕ್ಟರ ಮನೆಯ ಬೇವಿನ ಗಿಡದ ಕೆಳಗೆ ಒಂದು ಹಳೇ ಮದ್ರಾಸ್ ಕಾರು ನಿಂತಿತ್ತು. ಅದರೊಳಗೆ ಕೋಳಿಗಳ ಸಂಸಾರ. ಮದ್ರಾಸಿನವರ ಆ ಕಾರಿಗೆ ಅಡಿಯ ಚೌಕಟ್ಟೇ ಬೇರೆ, ಮೇಲಿನ ಮೈಯೇ ಬೇರೆ, ಅಂಗಿ ಬಿಚ್ಚಿದ ಹಾಗೆ ಬಿಚ್ಚಬಹುದು ಎಂದು ನಮ್ಮವರು ಮ್ಯಾಗಜಿನ್ ತೆರೆದು ತೋರಿಸಿದರು. (ಇಪ್ಪತ್ತು ವರ್ಷದ ಓದು ಅವತ್ತು ಉಪಯೋಗಕ್ಕೆ ಬಂತು. ಒಪ್ಪಿಕೊಳ್ಳುತ್ತೇನೆ.) ಡಾಕ್ಟರು ನಗುತ್ತಾ, "ಕೋಳಿ ಎಬ್ಬಿಸಿ ಒಯ್ರಿ," ಅಂದರು.

ಆಮೇಲೆ ಶುರುವಾಯಿತು ನೋಡಿ ನನ್ನ ಪರೀಕ್ಷೆ. ಮೇಸ್ತ್ರಿ ಒಂದು ದಿನ ಶಾಲೆಗೇ ಬಂದರು.

"ಬಾಯಾರ, ಇದರ ಹಿಂಭಾಗ ಎಲ್ಲದರಿ?"

ಅಯ್ಯೋ! ನಾನು ಬರೆದದ್ದು ಬರೀ ಒಂದು ಪಕ್ಕ. ಮಾವಿನಹಣ್ಣಿಗೆ ಹಿಂಭಾಗ ಬರೆದು ಯಾರಿಗೆ ಅಭ್ಯಾಸವಿದೆ? ಮುಂದಿನದು, ಹಿಂದಿನದು, ಮೇಲಿನದು, ಎಲ್ಲ ಬರೆಯಬೇಕಾಯಿತು. ಅದೂ ಅಳತೆಗೆ ಸರಿಯಾಗಿ, ಕಾರು ಎಷ್ಟು ಉದ್ದವೋ ಅಷ್ಟೇ ಉದ್ದ. ಅಷ್ಟು ದೊಡ್ಡ ಕಾಗದ ಎಲ್ಲಿದೆ?

ಕಾಗದ ಇರಲಿಲ್ಲ. ಕಲ್ಲು ಇತ್ತು. ಬಸಣ್ಣನವರ ಅಡ್ಡೆಯಲ್ಲಿ ಪಾಲಿಶ್ ಮಾಡಿದ ಫರ್ಸಿಯ ನೆಲ, ಹೊಳೆಯುವಂಥದ್ದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಚಾಕ್‌ಪೀಸಿನ ಡಬ್ಬಿ ಹಿಡಿದು ಹೋದೆ. ಸೆರಗು ಸಿಕ್ಕಿಸಿ ಕೂತೆ. ಮೂತಿಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತಾ, ಕೈ ಎತ್ತದೆ ಒಂದೇ ಗೆರೆ ಎಳೆದೆ. ಅಂಗಳದಲ್ಲಿ ರಂಗೋಲಿ ಹಾಕಿ ಬೆಳೆದ ಕೈ ಅದು. ಇಟಲಿಯವನಿಗೆ ಆ ಟ್ರೈನಿಂಗ್ ಎಲ್ಲಿ ಸಿಗಬೇಕು?

ಕಲ್ಲು ಕಡಿಯುವ ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತರು. ಅವರಲ್ಲಿ ಸಿದ್ದಮ್ಮ ಎಂಬಾಕೆ ಕೇಳಿದಳು. "ಅಕ್ಕೋರ, ಇದೇನು ಮೀನಾ?"

"ಕಾರ್ ನೋಡವ್ವ."

"ಕುಂದ್ರೋದೆಲ್ಲಿ?"

ಬಹಳ ಒಳ್ಳೆಯ ಪ್ರಶ್ನೆ. ತಲೆಗೆ ಜಾಗ ಬಿಟ್ಟಿರಲಿಲ್ಲ. ಛಾವಣಿ ಅಳಿಸಿದೆ. ಓಪನ್ ಕಾರ್ ಆಯಿತು. (ಡಿಸೈನ್ ಅನ್ನುವುದು ಹೀಗೇ ಆಗುವುದೋ ಏನೋ. ಇಟಲಿಯಲ್ಲೂ ಒಬ್ಬ ಸಿದ್ದಮ್ಮ ಇರಬೇಕು.)

ಬಸಣ್ಣ ದೂರದಲ್ಲಿ ನಿಂತು ಗೊಣಗುತ್ತಿದ್ದರು. ತಮ್ಮ ಅಡ್ಡೆ ಹಾಳಾಯಿತು, ವ್ಯಾಪಾರ ನಿಂತಿತು, ಇತ್ಯಾದಿ. ಆದರೆ ಸೋಮವಾರ ಮಳೆ ಬಂತು. ನನ್ನ ಗೆರೆ ಹೋಯಿತಲ್ಲ ಎಂದು ಸಂಜೆ ಓಡಿ ಹೋಗಿ ನೋಡಿದರೆ, ಚಿತ್ರದ ಮೇಲೆ ಲಾರಿಯ ತಾಡಪತ್ರಿ ಹೊದಿಸಿತ್ತು. ಅಂಚಿಗೆ ಸುತ್ತಲೂ ಕಲ್ಲು ಹೇರಿತ್ತು. ಯಾರು ಹೊದಿಸಿದರು ಅಂತ ಕೇಳಿದೆ. ಯಾರೂ ಹೇಳಲಿಲ್ಲ. ಬಸಣ್ಣನವರ ಧೋತರ ಮೊಳಕಾಲಿನವರೆಗೂ ಕೆಸರಾಗಿತ್ತು. ನಾನೂ ಮತ್ತೆ ಕೇಳಲಿಲ್ಲ.

ಒಂದೂವರೆ ವರ್ಷ ಹಿಡಿಯಿತು. ಎಷ್ಟು ಜಗಳ ಅಂತೀರಿ! ನಮ್ಮವರಿಗೆ ಕಣ್ಣು ಮುಚ್ಚಿ ತೆಗೆಯುವ ಹೆಡ್‌ಲೈಟ್ ಬೇಕು. ಮೇಸ್ತ್ರಿಗೆ ಗಟ್ಟಿ ಬಂಪರ್ ಬೇಕು, ಲಾರಿಯ ಅಭ್ಯಾಸ. ನನಗೆ ನನ್ನ ಗೆರೆ ಎಲ್ಲೂ ತುಂಡಾಗಬಾರದು. ಬಾಗಿಲು ಇಟ್ಟರೆ ಗೆರೆ ತುಂಡಾಗುತ್ತದೆ ಎಂದು ನಾನು ಹಟ ಹಿಡಿದೆ. ಕೊನೆಗೆ ಬಾಗಿಲನ್ನೇ ಕೈಬಿಟ್ಟರು. ಕಾಲೆತ್ತಿ ದಾಟಿ ಕೂರಬೇಕು.

ಮೇಸ್ತ್ರಿ ಹಗಲು ಲಾರಿ ಡಬ್ಬಿ ಬಡಿದು, ಹೊತ್ತು ಮುಳುಗುವ ಮುಂಚಿನ ಒಂದು ತಾಸು ಇದನ್ನು ಬಡಿಯುತ್ತಿದ್ದರು. ಹಿಂದಿನ ಗಾಲಿಯ ಮೇಲಿನ ಉಬ್ಬು ಒಂದನ್ನೇ ನಾಲ್ಕು ಸಲ ಬಡಿದು ನಾಲ್ಕು ಸಲ ಬಿಸಾಡಿದರು. ನಾಲ್ಕನೆಯದು ನನಗೆ ಚೆನ್ನಾಗಿಯೇ ಕಂಡಿತ್ತು. ಅವರು ಕಣ್ಣು ಮುಚ್ಚಿ ಅಂಗೈ ಆಡಿಸಿ, "ಇಲ್ಲರಿ, ಇಲ್ಲಿ ಸುಳ್ಳು ಹೇಳ್ಲಿಕತ್ತದ," ಅಂದರು. ನನಗೆ ಏನೂ ಕಾಣಲಿಲ್ಲ. ಅಂಗೈಗೆ ಕಾಣುತ್ತಿತ್ತು. ಐದನೆಯದು ಕೂತಿತು.

ಅಂತೂ ಕಳೆದ ಭಾನುವಾರ ಬಂತು. ಬಣ್ಣ ಇನ್ನೂ ಇಲ್ಲ, ಬರೀ ಬೂದು ಪ್ರೈಮರ್. ಆದರೂ ಏನು ಚೆಂದ! ಬೆಳಗಿನ ಎಳೆ ಬಿಸಿಲು ಮೂತಿಯ ಮೇಲೆ ಬಿದ್ದು, ಜಾರಿ, ಸೊಂಟದಲ್ಲಿ ಇಳಿದು, ಗಾಲಿಯ ಮೇಲೆ ಹತ್ತಿ ಬಾಲದಿಂದ ಹೊರಟುಹೋಗುತ್ತಿತ್ತು. ಎಲ್ಲೂ ತಡೆಯಲಿಲ್ಲ.

ಇಪ್ಪತ್ತು ವರ್ಷ ಕಾರಿನ ಮಾತಾಡಿದ ನಮ್ಮವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ಬಂದರು.

"ನೀವು ಹಿಂದಿನ ಗಾಡ್ಯಾಗ ಬರ್ರಿ ಬಾಬು," ಅಂದರು ಮೇಸ್ತ್ರಿ. "ಇದರಾಗ ಎರಡೇ ಸೀಟು. ಗೆರಿ ಎಳದವರು ಕುಂದ್ರಬೇಕು."

ನಮ್ಮವರ ಮುಖ ನೋಡಬೇಕಿತ್ತು ನೀವು. ಡ್ರೈವಿಂಗ್ ಬರುತ್ತಿದ್ದರೆ ಸ್ಟಿಯರಿಂಗಾದರೂ ಹಿಡಿಯಬಹುದಿತ್ತು. (ಅವರಿಗೆ ಬರುವುದಿಲ್ಲ. ಎಷ್ಟು ಸಿಸಿ ಇಂಜಿನ್ ಅಂತ ಕೇಳಿ, ಥಟ್ಟನೆ ಹೇಳುತ್ತಾರೆ.) ಬಸಣ್ಣನವರ ಕಲ್ಕತ್ತಾದಲ್ಲಿ ಮುಖ ಊದಿಸಿಕೊಂಡು ಕೂತರು.

ನಾನು ಸೀರೆ ಎತ್ತಿ ಕಟ್ಟಿ, ದಾಟಿ, ಕೂತೆ. ಕೂತೆ ಅನ್ನುವುದಕ್ಕಿಂತ ಬಿದ್ದೆ. ಮೇಸ್ತ್ರಿ ಬಿಸ್ಮಿಲ್ಲಾ ಅಂದು ಕೀಲಿ ತಿರುಗಿಸಿದರು.

ಓಡಿತು!

ಆ ಖುಷಿಯನ್ನು ಹೇಗೆ ಬರೆಯಲಿ? ಗಾಳಿ ನೇರ ಮುಖಕ್ಕೆ. ಸೆರಗು ಬಾವುಟ. ಗಂಟೆಗೆ ಐವತ್ತು ಕಿಲೋಮೀಟರೂ ಇರಲಿಲ್ಲ, ಆದರೆ ನೆಲದ ಅಷ್ಟು ಹತ್ತಿರ ಐವತ್ತು ಅಂದರೆ ಐನೂರು. ಎದುರಿನ ಬಸ್ಸು ತಾನಾಗಿ ನಿಂತಿತು. ಕಿಟಕಿಯ ತುಂಬಾ ತಲೆಗಳು. ಎತ್ತಿನ ಗಾಡಿಯ ಮುದುಕರೊಬ್ಬರು ಬಗ್ಗಿ ನೋಡಿ, "ಯವ್ವಾ, ಉಳಿದರ್ಧ ಎಲ್ಲದ?" ಎಂದು ಕೇಳಿದರು. ನಾನು ನಕ್ಕೆ. ಮೇಸ್ತ್ರಿ ನಕ್ಕರು. ಸುಮ್ಮಸುಮ್ಮನೆ ಮತ್ತೆ ನಕ್ಕೆವು. ಇಬ್ಬರಿಗೂ ಹುಚ್ಚು ಹಿಡಿದಂತಿತ್ತು.

ಅರ್ಧ ದಾರಿಯಲ್ಲಿ ಮೇಸ್ತ್ರಿಯ ನಗು ನಿಂತಿತು. ಗೇರ್ ಬದಲಿಸಲು ಹೋದ ಎಡಗೈ ಹಾಗೇ ತೊಡೆಯ ಮೇಲೆ ಬಿತ್ತು. ಮಣಿಕಟ್ಟು ಕೆಲಸ ಮಾಡುತ್ತಿಲ್ಲ. ಹಣೆಯ ತುಂಬಾ ಬೆವರು.

"ನಿಲ್ಲಿಸ್ರಿ ಮೇಸ್ತ್ರಿ. ಸೌಕಾರರು ಹೊಡ್ಕೋತ ಬರ್ತಾರ."

"ಇಲ್ಲ ಬಾಯಾರ. ಗೇರಿನ ದಾಂಡು ನಿಮ್ಮ ಕಡಿನೂ ಅದ. ನಾ ಕ್ಲಚ್ ತುಳದು ಹೂಂ ಅಂತೀನಿ. ನೀವು ಹಿಂದಕ್ಕ ಜಗ್ರಿ."

"ನಾನಾ?"

"ಹೂಂ!"

ಜಗ್ಗಿದೆ. ಕರ್ರ್ ಅಂತ ಒಂದು ಶಬ್ದ ಬಂತು. ಬಿತ್ತು! ಅವರು ಹೂಂ ಅನ್ನುವುದು, ನಾನು ದಾಂಡು ಹಾಕುವುದು. ನಾಲ್ಕೈದು ಸಲದಲ್ಲಿ ಕರ್ರ್ ನಿಂತುಹೋಯಿತು. ಒಂದು ಕಾರು, ಇಬ್ಬರು ಡ್ರೈವರು. ನಮ್ಮ ಹಿಂದೆ ಬರುತ್ತಿದ್ದವರಿಗೆ ಇದು ಗೊತ್ತೇ ಆಗಲಿಲ್ಲ.

ಆಮೇಲೆ ರೈಲ್ವೆ ಗೇಟು.

ಹಳಿಗಳ ಹತ್ತಿರ ರಸ್ತೆ ಉಬ್ಬಿತ್ತು. ಮುಂದಿನ ಗಾಲಿ ದಾಟಿತು. ಹೊಟ್ಟೆ ಸಿಕ್ಕಿಹಾಕಿಕೊಂಡಿತು. ಹಿಂದಿನ ಗಾಲಿ ಸುಮ್ಮನೆ ತಿರುಗುತ್ತಿದೆ, ಕಾರು ಕದಲುತ್ತಿಲ್ಲ. ಅಷ್ಟರಲ್ಲಿ ಗೇಟ್‌ಮನ್ ಹಸಿರು, ಕೆಂಪು ಎರಡೂ ಬಾವುಟ ಹಿಡಿದು ಓಡಿಬಂದ.

"ಬಾಯಾರ, ಜಲ್ದಿ ತಗೀರಿ! ಗಂಟಿ ಆಗ್ಯಾದ! ಗೂಡ್ಸ್ ಬರ್ಲಿಕತ್ತದ!"

ನಾನು ಹಾರಿ ಇಳಿದೆ. ಕಾರು ಎರಡು ಬೆರಳು ಮೇಲೆದ್ದಿತು. (ನನ್ನ ತೂಕದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.) ಆದರೂ ಹಿಂದಿನ ಗಾಲಿಗೆ ಹಿಡಿತ ಸಿಗಲಿಲ್ಲ.

"ಮೇಸ್ತ್ರಿ, ಇಳೀರಿ! ಗಾಡಿ ಹೋದ್ರ ಹೋಗ್ಲಿ!" ಎಂದು ಕೂಗಿದೆ.

ಅವರು ಇಳಿಯಲಿಲ್ಲ. ಸ್ಟಿಯರಿಂಗನ್ನು ಒಂದೇ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಮುಂದೆ ನೋಡುತ್ತಾ ಕೂತಿದ್ದರು. ಆ ಮುಖ ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಮನುಷ್ಯ ಇದನ್ನು ಬಿಟ್ಟು ಇಳಿಯುವುದಿಲ್ಲ ಅನ್ನಿಸಿತು.

ಆಗ ನನ್ನ ಪಕ್ಕದಿಂದ ಯಾರೋ ದಡದಡ ಓಡಿಹೋದರು. ಧೋತರ ಮೇಲೆ ಕಟ್ಟಿ, ಚಪ್ಪಲಿ ಬಿಟ್ಟು. ಬಸಣ್ಣ ಸೌಕಾರ! ಕಾರಿನ ಬಾಲಕ್ಕೆ ಹೆಗಲು ಕೊಟ್ಟು, "ಏ ಬಾಬು, ನಿಂತು ಏನ್ ನೋಡ್ತಿ, ಹಚ್ಚೋ ಕೈ!" ಎಂದು ನಮ್ಮವರಿಗೆ ಗದರಿದರು. ನಮ್ಮವರು ಬಂದರು. ನಾನೂ ಕೈ ಹಚ್ಚಿದೆ. ಗೇಟ್‌ಮನ್ ಬಾವುಟ ಬಗಲಿಗೆ ಸಿಕ್ಕಿಸಿ ತಾನೂ ಹಚ್ಚಿದ. ಹೊಟ್ಟೆ ಕಿರ್ರ್ ಅಂತ ಕೆರೆದು, ಕಾರು ದಾಟಿ, ಆಚೆ ಇಳಿಜಾರಿನಲ್ಲಿ ಓಡಿ ನಿಂತಿತು. ನಾವೂ ಅದರ ಹಿಂದೆಯೇ ಓಡಿದೆವು. ಗೇಟು ಬಿತ್ತು. ಬಸಣ್ಣನವರ ಕಾರು ಈಚೆ, ನಾವೆಲ್ಲ ಆಚೆ. ತುಸು ಹೊತ್ತಿಗೆ ಗೂಡ್ಸ್ ಗಾಡಿ ನೆಲ ನಡುಗಿಸುತ್ತಾ ಹೋಯಿತು. ಎಣಿಸಲಾಗದಷ್ಟು ಡಬ್ಬಿಗಳು, ಎಲ್ಲವೂ ಚೌಕ.

ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿನ ಮುಂದೆ ನಿಲ್ಲಿಸಿದಾಗ ಜನವೋ ಜನ. ಮುಟ್ಟುವವರು, ಬಗ್ಗುವವರು, ಸೀಟಿಗೆ ಕೈ ಹಾಕುವವರು.

"ಯಾವ ಕಂಪನೀದ್ರಿ ಇದು? ಕಲ್ಕತ್ತಾದ್ದಾ? ಬೊಂಬಾಯಿದಾ?" ಎಂದು ಒಬ್ಬ ಲಾರಿ ಡ್ರೈವರ್ ಕೇಳಿದ.

ಮೇಸ್ತ್ರಿ ಬಾಯಿ ತೆರೆದರು. ಕಣ್ಣಲ್ಲಿ ನೀರು ಬಂತು.

"ಭಂಕೂರಿಂದು," ಅಂದರು ಬಸಣ್ಣ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ಭಂಕೂರ ಕಂಪನಿ. ಇವರೇ ಮಾಲಕರು."

ಚಹಾ ಕುಡಿಯುವಾಗ ನಮ್ಮವರು ಸುಮ್ಮನಿರಬೇಕಲ್ಲ? ಪಂಥದ ವಿಷಯ ಎತ್ತಿದರು. "ದಬ್ಬೀವಲ್ರಿ ಸೌಕಾರ. ಲೆಕ್ಕದ ಪ್ರಕಾರ ನೀವೇ ಗೆದ್ರಿ."

"ಯಾರು ನೋಡ್ಯಾರ?" ಬಸಣ್ಣ ಬಸಿಯಲ್ಲಿ ಚಹಾ ಸುರಿಯುತ್ತಾ ಕೇಳಿದರು. "ಮೊದಲ ದಬ್ಬಿದವ ನಾ. ನಾ ಅಂತೂ ಸಾಕ್ಷಿ ಹೇಳಂಗಿಲ್ಲ."

ಮೇಸ್ತ್ರಿ ತಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಯಾರಿಗೂ ಅಲ್ಲದ ಹಾಗೆ ಹೇಳಿದರು.

"ಇನ್ನ ಸುತ್ತಿಗಿ ಇಟ್ರೂ ಚಿಂತಿಲ್ಲ."

ಅವರ ಧ್ವನಿಯಲ್ಲಿ ದುಃಖ ಇರಲಿಲ್ಲ. ಹೊಟ್ಟೆ ತುಂಬಾ ಉಂಡು ಎದ್ದವರ ಧ್ವನಿ ಅದು. ನಾವು ಮಾಡುವ ಕೆಲಸದಲ್ಲಿ ಎಷ್ಟು ಮಂದಿ ಹಾಗೆ ಏಳುತ್ತೇವೆ?

ವಾಪಸು ಬರುವಾಗ ಗೇಟಿನವರೆಗೆ ಮತ್ತೆ ಅದೇ ಹೂಂ, ಅದೇ ದಾಂಡು. ಹಳಿಯನ್ನು ಬಸಣ್ಣ ದಾಟಿಸಿಕೊಟ್ಟರು, ನಾನೂ ಮೇಸ್ತ್ರಿಯೂ ನಡೆದೇ ದಾಟಿದೆವು. ದಾಟಿದ್ದೇ ಮೇಸ್ತ್ರಿ ಕಾರಿನ ಎಡಗಡೆಯಿಂದ ದಾಟಿ ನನ್ನ ಸೀಟಿನಲ್ಲಿ ಕೂತುಬಿಟ್ಟರು.

"ಬಾಯಾರ, ನೀವು ಆ ಕಡಿ ಕುಂದ್ರಿ. ಗೇರ್ ಬಂದದ ನಿಮಗ. ಉಳದದ್ದೇನು ದೊಡ್ಡದಿಲ್ಲ. ಕ್ಲಚ್ ಎಡಗಾಲಿಗೆ, ಬ್ರೇಕು ನಡುವ."

ಕಾಲೆತ್ತಿ ಒಳಗಿಟ್ಟು ಸ್ಟಿಯರಿಂಗ್ ಹಿಡಿದೆ. ಎದುರಿಗೆ ಖಾಲಿ ರಸ್ತೆ. ಅಲ್ಲಿಂದ ನಾನು. (ಆರ್‌ಟಿಓ ಸಾಹೇಬರು ದಯವಿಟ್ಟು ಈ ಪ್ಯಾರಾ ಓದಬಾರದು.) ಮೊದಲು ಕಪ್ಪೆಯ ಹಾಗೆ ಕುಪ್ಪಳಿಸಿತು. ಎರಡು ಸಲ ಬಂದ್ ಬಿತ್ತು. ಮೂರನೆಯ ಸಲ ಹರಿಯಿತು ನೋಡಿ! ನಾನು ಚಾಕ್‌ಪೀಸಿನಲ್ಲಿ ಎಳೆದ ಗೆರೆಯೊಳಗೆ ನಾನೇ ಕೂತಿದ್ದೆ, ಆ ಗೆರೆ ರಸ್ತೆಯ ಮೇಲೆ ಓಡುತ್ತಿತ್ತು.

ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಕಲ್ಕತ್ತಾದ ಹಾರ್ನ್ ಕೇಳಿಸತೊಡಗಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮವರು ಏನೋ ಕೂಗುತ್ತಿದ್ದರು. ದಾರಿ ಬಿಡು ಅಂತಲೋ, ನನಗೂ ಕೊಡು ಅಂತಲೋ.

ನಾನು ಸೈಡ್ ಕೊಡಲಿಲ್ಲ.